ಒಂದೇ ಗುಂಡಿಯ ಟಿ.ವಿ.

ಬೀದಿಯವರೆಲ್ಲ ವಿಜ್ಞಾನಿ ಎಂದು ಕರೆಯುತ್ತಿದ್ದ ಆ ಮನುಷ್ಯ ವಿಜ್ಞಾನಿಯೇನೂ ಆಗಿರಲಿಲ್ಲ. ಆಸ್ಪತ್ರೆಯೊಂದರ ಉಗ್ರಾಣದ ಗುಮಾಸ್ತ. ಹತ್ತಿ, ಬ್ಯಾಂಡೇಜು, ಬೆಡ್‌ಶೀಟುಗಳನ್ನು ಎಣಿಸಿ ಕೊಡುವುದು ಅವನ ಉದ್ಯೋಗ. ಮನೆಗೆ ಬಂದು ಕೈಗೆ ಸ್ಕ್ರೂಡ್ರೈವರ್ ಸಿಕ್ಕಿತೋ, ತಲೆಗೆ ಕೊಂಬು ಮೂಡಿತೆಂದೇ ಲೆಕ್ಕ. ಮಿಕ್ಸಿ ಬಿಚ್ಚಿದ್ದ, ಇಸ್ತ್ರಿಪೆಟ್ಟಿಗೆ ಬಿಚ್ಚಿದ್ದ, ಗೋಡೆ ಗಡಿಯಾರವನ್ನು ಬಿಚ್ಚಿ ಬಿಚ್ಚಿ ಅದಕ್ಕೆ ಹೊತ್ತೇ ಮರೆತುಹೋಗುವಂತೆ ಮಾಡಿದ್ದ. ಮುಚ್ಚುವಾಗ ಪ್ರತಿಸಲವೂ ಒಂದೆರಡು ಸ್ಕ್ರೂ ಉಳಿಯುತ್ತಿದ್ದವು. "ಇವನ್ನ ಎಕ್ಸ್‌ಟ್ರಾ ಕೊಟ್ಟಿರ್ತಾರೆ" ಎಂದು ಗಂಭೀರವಾಗಿ ಹೇಳಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಇಂಥವನ ಜೊತೆ ಸಂಸಾರ ಮಾಡುತ್ತಿರುವುದಕ್ಕೆ ತನಗೆ ಯಾರೂ ಪದಕ ಕೊಡಲಿಲ್ಲವಲ್ಲ ಎಂಬುದು ಅವನ ಹೆಂಡತಿಯ ಕೊರಗು.

ಒಂದು ಸಂಜೆ ಅವನು ಅಮ್ಮನನ್ನೂ ಹೆಂಡತಿಯನ್ನೂ ಹಜಾರದಲ್ಲಿ ಕೂರಿಸಿಕೊಂಡು, ಮನೆಯ ಕೇಬಲ್ ತೆಗೆಸಿಬಿಡುವುದಾಗಿ ಸಾರಿದ.

"ಆ ಕೇಬಲ್‌ನವನ ಹಂಗು ಇನ್ನು ಸಾಕು. ನಾನೇ ಒಂದು ಬಾಕ್ಸ್ ಮಾಡ್ತೀನಿ. ಇಂಟರ್‌ನೆಟ್ಟಿಂದ ಎಲ್ಲಾ ಬರುತ್ತೆ. ಅದರ ಸಾಫ್ಟ್‌ವೇರು ಪೂರ್ತಿ ಓಪನ್ ಸೋರ್ಸು."

"ಹಾಗಂದ್ರೆ?" ಎಂದಳು ಹೆಂಡತಿ.

"ಯಾರಪ್ಪನ ಮನೆ ಆಸ್ತಿನೂ ಅಲ್ಲ ಅಂತ. ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು, ತಿದ್ದಬಹುದು."

"ಬಿಚ್ಚೋದು ಸರಿ ರೀ. ಮುಚ್ಚೋರು ಯಾರು?"

ಅತ್ತೆ ಕಿಸಕ್ಕನೆ ನಕ್ಕರು. ಸೊಸೆಗೆ ಮಾತ್ರ ಕೇಬಲ್ ಹೋಗುವುದು ಸುತರಾಂ ಬೇಕಿರಲಿಲ್ಲ.

ಅದಕ್ಕೆ ಕಾರಣವಿತ್ತು. ಹಗಲೆಲ್ಲ ಅವಳು ಕರ್ಟನ್ ಅಂಗಡಿಯೊಂದರಲ್ಲಿ ಬೇರೆಯವರ ಕೈಕೆಳಗೆ ಬಟ್ಟೆ ಅಳೆಯುತ್ತಿದ್ದಳು. ಸಂಜೆ ಮನೆಯ ಒಳಕೋಣೆಯಲ್ಲಿ, ತನ್ನದೇ ಹೊಲಿಗೆ ಯಂತ್ರದ ಮೇಲೆ, ತಾನೇ ಹಿಡಿದ ಆರ್ಡರುಗಳನ್ನು ಹೊಲಿಯುತ್ತಿದ್ದಳು. ಈಗಷ್ಟೇ ಹೊಸ ಲಾಡ್ಜೊಂದರ ಅಷ್ಟೂ ಕಿಟಕಿಗಳ ಕೆಲಸ ಸಿಕ್ಕಿತ್ತು. ಅದನ್ನು ಚೆನ್ನಾಗಿ ಮಾಡಿಕೊಟ್ಟರೆ ಕೈಕೆಳಗಿನ ದುಡಿಮೆಗೆ ಕೈಮುಗಿದು ಸ್ವಂತ ಅಂಗಡಿ ಇಡಬಹುದು, ಕೆಟ್ಟರೆ ಅಲ್ಲೇ ಕೊಳೆಯಬೇಕು. ಇದಕ್ಕೆಲ್ಲ ಅವಳಿಗಿದ್ದ ಬಿಡುವು ಅತ್ತೆ ಸೀರಿಯಲ್ ನೋಡುವ ಹೊತ್ತು ಮಾತ್ರ. ಅತ್ತೆ ಎಂದರೆ ಮಾತಿನ ಮೂಟೆ. ಬಿಚ್ಚಿದರೆ ಊಟದ ಹೊತ್ತಾದರೂ ಮುಗಿಯದು. ಆದರೆ ಕೇಬಲ್ಲಿನಲ್ಲಿ ಬರುವ ಸೀರಿಯಲ್ಲು ಯಾರಿಗೂ ಕಾಯುವುದಿಲ್ಲ. ಆ ಕಡೆ ಈ ಕಡೆ ತಿರುಗಿದರೆ ಯಾರೋ ಯಾರಿಗೋ ವಿಷ ಹಾಕಿಬಿಟ್ಟಿರುತ್ತಾರೆ. ಹಾಗಾಗಿ ಸಂಜೆಯಾದರೆ ಸೊಸೆ ಟಿ.ವಿ. ಹಚ್ಚಿ, ರಿಮೋಟನ್ನು ಅತ್ತೆಯ ಕೈಗಿಟ್ಟು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಜಾಹೀರಾತು ಬಂದಾಗ ಅತ್ತೆ "ಏನೇ" ಎಂದು ಕೂಗಿದರೂ, ಅವಳು ಎದ್ದು ಬರುವಷ್ಟರಲ್ಲಿ ಸೀರಿಯಲ್ಲೇ ಬಂದು ಅವರ ಬಾಯಿ ಮುಚ್ಚಿಸುತ್ತಿತ್ತು.

ವಿಜ್ಞಾನಿಗೆ ಇದೆಲ್ಲ ಎಲ್ಲಿ ತಿಳಿಯಬೇಕು? ಅಂಗೈ ಅಗಲದ ಒಂದು ಸರ್ಕ್ಯೂಟ್ ಬೋರ್ಡು ತರಿಸಿದ. ಅದನ್ನು ಹೆಂಡತಿಯ ಊಟದ ಡಬ್ಬಿಯಲ್ಲಿ ಕೂರಿಸಿದ. ಗಾಳಿಯಾಡಲೆಂದು ಕಾಯಿಸಿದ ಮೊಳೆಯಿಂದ ಡಬ್ಬಿಗೆ ತೂತು ಕೊರೆದ. ಹಜಾರದ ತುಂಬ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ರಜೆಯ ದಿನಗಳೆಲ್ಲ ಟಿ.ವಿ.ಯ ಮುಂದೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಓಡುವುದನ್ನು ನೋಡುತ್ತಾ, ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುತ್ತಾ ಕೂತ. ಇದು ಹೊತ್ತಿ ಉರಿಯುವ ದಿನಕ್ಕೆಂದು ಹೆಂಡತಿ ಒಳ್ಳೊಳ್ಳೆಯ ಚುಚ್ಚುಮಾತುಗಳನ್ನು ಮಸೆದಿಟ್ಟುಕೊಂಡಿದ್ದಳು.

ಹಾಳಾದ್ದು, ಅದು ಕೆಲಸ ಮಾಡಿತು. ಮಸೆದ ಮಾತುಗಳೆಲ್ಲ ದಂಡವಾದವು.

ಸಾಲದೆಂಬಂತೆ, ರಿಮೋಟುಗಳ ಗೊಂದಲ ಅಮ್ಮನಿಗೆ ಬೇಡವೆಂದು ಅವನು ಇನ್ನೊಂದು ಘನಕಾರ್ಯ ಮಾಡಿದ. ಹಳೆಯ ಕಾಲಿಂಗ್ ಬೆಲ್ಲಿನ ಗುಂಡಿಯೊಂದನ್ನು ಮರದ ತುಂಡಿಗೆ ಬಡಿದು, ಉದ್ದ ವೈರು ಎಳೆದು, ಅಮ್ಮನ ಕುರ್ಚಿಯ ಕೈಗೆ ಕಟ್ಟಿದ.

"ಸಂಜೆ ಸೀರಿಯಲ್ ತಾನಾಗೇ ಶುರುವಾಗುತ್ತಮ್ಮ. ಇದನ್ನ ಒತ್ತಿದ್ರೆ ನಿಲ್ಲುತ್ತೆ. ಮತ್ತೆ ಒತ್ತಿದ್ರೆ, ಎಲ್ಲಿ ನಿಂತಿತ್ತೋ ಅಲ್ಲಿಂದಾನೇ ಓಡುತ್ತೆ. ಅಷ್ಟೇ."

"ನಿಲ್ಲುತ್ತಾ?" ಅತ್ತೆಯ ಕಣ್ಣು ಅರಳಿತು.

ಸೊಸೆಯ ಗ್ರಹಚಾರ ಕೆಟ್ಟಿದ್ದು ಅವತ್ತೇ. ಅವಳು ಯಂತ್ರಕ್ಕೆ ದಾರ ಪೋಣಿಸುತ್ತಿದ್ದಂತೆಯೇ ಹೊರಗಿನ ಗದ್ದಲ ಥಟ್ಟನೆ ನಿಂತಿತು. "ಏನೇ, ಬಾ ಇಲ್ಲಿ!"

ಬಂದು ನೋಡಿದರೆ ಟಿ.ವಿ.ಯಲ್ಲಿ ನಾಯಕಿ ಅರ್ಧ ಬಾಯಿ ತೆರೆದು ನಿಂತುಬಿಟ್ಟಿದ್ದಳು.

"ಇವಳ ಮೂಗು ನೋಡು, ನಮ್ಮತ್ತಿಗೆ ಮೂಗಿನ ಥರಾನೇ ಇಲ್ವಾ? ನಮ್ಮತ್ತಿಗೆ ಕಥೆ ಹೇಳಿದೀನಾ ನಿನಗೆ?"

ಹೇಳಿರಲಿಲ್ಲ. ಹೇಳಿದರು. ಅವಳು ಹೋಗಿ ಒಂದು ಅಂಚು ಹೊಲಿಯುವಷ್ಟರಲ್ಲಿ ಮತ್ತೆ ಗದ್ದಲ ನಿಂತಿತು. ಖಳನಾಯಕ ಕೈ ಎತ್ತಿಕೊಂಡು ಕಾಯುತ್ತಿದ್ದ. ಇಂದು ಅತ್ತೆಯ ಕಾಲು ನೋವು ಹೇಗಿದೆ, ಪಕ್ಕದ ಮನೆಯವಳು ಏನೆಂದಳು, ಎಲ್ಲ ಕೇಳುವವರೆಗೂ ಅವನು ಕೈ ಇಳಿಸಲಿಲ್ಲ. ಹೀಗೇ ದಿನಗಳು ಉರುಳಿದವು. ಲಾಡ್ಜಿನ ಮೊದಲ ಕಂತಿನ ಕರ್ಟನ್ನುಗಳಲ್ಲಿ ಹೂಬಳ್ಳಿಗಳು ತಲೆಕೆಳಗಾಗಿ ನೇತಾಡಿದವು. "ಮೇಡಂ, ನಮ್ಮ ಗಿರಾಕಿಗಳು ತಲೆ ಕೆಳಗೆ ಮಾಡಿ ನೋಡಬೇಕಾ?" ಎಂದ ಮ್ಯಾನೇಜರ್. ಇನ್ನೊಂದು ಸಲ ಹೀಗಾದರೆ ಆರ್ಡರು ಕೈಬಿಟ್ಟಂತೆಯೇ ಎಂದೂ ಸೇರಿಸಿದ.

"ರೀ, ಆ ಡಬ್ಬಿ ತೆಗೀರಿ" ಎಂದಳು ಗಂಡನಿಗೆ.

"ಅಮ್ಮ ಎಷ್ಟು ಖುಷಿಯಾಗಿದ್ದಾಳೆ ನೋಡು! ಆಸ್ಪತ್ರೇಲಿ ನಾಲ್ಕು ಜನ ನಮಗೂ ಮಾಡಿಕೊಡಿ ಅಂತಿದ್ದಾರೆ."

ನಾಲ್ಕು ಮೂರ್ಖರು ಒಬ್ಬನನ್ನು ಹೊಗಳಿದರೆ ಅವನಿಗೆ ನೆಲ ಕಾಣುವುದಿಲ್ಲ. ಅವಳು ಸೀದಾ ಕೇಬಲ್‌ನವನ ಬಳಿ ಹೋದಳು. ವಿಜ್ಞಾನಿ ಆಸ್ಪತ್ರೆಯ ಪಾಳಿಗೆ ಹೋಗಿದ್ದ ಒಂದು ಸಂಜೆ, ಕೇಬಲ್‌ನವನು ವೈರಿನ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಬಂದ. ಡಬ್ಬಿಯನ್ನು ಬೆರಳ ತುದಿಯಿಂದ ತಟ್ಟಿ ಮೂಗು ಮುರಿದ.

"ಯಾಕಪ್ಪಾ ಬಂದೆ?" ಎಂದು ಅತ್ತೆ ಕೇಳಿದರು.

"ನಿಮಗೋಸ್ಕರಾನೇ ಅಜ್ಜಿ. ಇದು ಸರಿಯಿಲ್ವಂತೆ, ನಿಮ್ಮ ಸೊಸೆ ಹೇಳಿದ್ರು."

"ಹೌದು ಅತ್ತೆ" ಎಂದಳು ಸೊಸೆ, ನಾಲಿಗೆಗೆ ಬೆಣ್ಣೆ ಸವರಿಕೊಂಡು. "ಮೊದಲಿನ ಹಾಗೆ ನೆಮ್ಮದಿಯಾಗಿ ನೋಡಬಹುದು. ನಿಮಗೆ ಸೀರಿಯಲ್ ಅಂದ್ರೆ ಪ್ರಾಣ ಅಲ್ವಾ?"

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗಂಡನನ್ನು ಅವಳು ನೋಡುತ್ತಿದ್ದುದು ಹಾಗೆಯೇ.

"ಪ್ರಾಣಾನಾ? ಆ ದರಿದ್ರಾನಾ? ಅತ್ತೋರೇ ಅಳ್ತಾರೆ, ಕುತಂತ್ರ ಮಾಡಿದೋರೇ ಮಾಡ್ತಾರೆ. ಒಂದು ದಿನಕ್ಕೂ ನನಗೆ ಹಿಡಿಸಿಲ್ಲ ಕಣೇ ಅದು. ಸಂಜೆ ಆದ್ರೆ ರಿಮೋಟು ನನ್ನ ಕೈಗೆ ತುರುಕಿ ಬಾಗಿಲು ಹಾಕ್ಕೊಳ್ತಿದ್ದೆ. ಇವಳಿಗೆ ನನ್ನ ಮಾತು ಬೇಡ ಅಂತ ಗೊತ್ತಾಯ್ತು, ಬಾಯಿ ಮುಚ್ಕೊಂಡು ಕೂತೆ. ನನ್ನ ಮಗ ಅದನ್ನ ನಿಲ್ಲಿಸೋದು ತೋರಿಸಿಕೊಟ್ಟ. ನಿಲ್ಲಿಸಿ ಕರೆದೆ. ಅಷ್ಟೂ ತಪ್ಪಾಯ್ತಾ?"

ಕೇಬಲ್‌ನವನು ವೈರಿನ ತುದಿ ಹಿಡಿದು ಇಬ್ಬರ ಮುಖವನ್ನೂ ನೋಡಿದ. "ಹಾಕ್ಲಾ, ಬೇಡ್ವಾ?"

ಬೇಡ ಎನ್ನಲು ಎಷ್ಟು ಹೊತ್ತು ಬೇಕು? ಸೊಸೆಯ ಕಣ್ಣು ಒಳಕೋಣೆಯಲ್ಲಿ ರಾಶಿ ಬಿದ್ದಿದ್ದ ಲಾಡ್ಜಿನ ಬಟ್ಟೆಯ ಕಡೆಗೆ ಹೋಯಿತು.

"ಹಾಕಪ್ಪ, ಹಾಕು" ಎಂದರು ಅತ್ತೆಯೇ. "ಅವಳು ಅಂಗಡಿ ಇಡಬೇಕು. ಆ ಬಟ್ಟೆ ರಾಶಿ ನೋಡಿದ್ರೆ ನನಗೆ ತಿಳಿಯಲ್ವಾ?"

ಅಂಗಡಿಯ ಮಾತನ್ನು ಅವಳು ಆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ. ಇವರಿಗೆಲ್ಲ ಏನು ತಿಳಿಯುತ್ತದೆ ಎಂಬ ತಾತ್ಸಾರ ಅವಳಿಗೆ. ಆ ತಾತ್ಸಾರವೆಲ್ಲ ಈಗ ತಿರುಗಿ ಅವಳ ಮೇಲೆಯೇ ಬಿತ್ತು, ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಕೇಬಲ್‌ನವನು ವೈರು ಸಿಕ್ಕಿಸಿ ಹೋದ. ಅವಳು ಒಳಗೆ ಹೋಗಿ ಯಂತ್ರದ ಮುಂದೆ ಕೂತಳು. ಒಂದರ ಹಿಂದೊಂದು ಕರ್ಟನ್ನುಗಳು ನೆಟ್ಟಗೆ ಮುಗಿಯುತ್ತಾ ಹೋದವು. ಊಟದ ಹೊತ್ತಿನವರೆಗೂ ಅವಳನ್ನು ಯಾರೂ ಕರೆಯಲಿಲ್ಲ.