ಕೈಯೊಳಗಿನ ಗುರುತು

ಚಿಕ್ಕೋಡಿ ಕೋರ್ಟಿನಲ್ಲಿ ಹೆಸರು ಮಾಡಿದ್ದ ವಕೀಲ ಆಬಾಸಾಹೇಬರು ತಮ್ಮ ಹೆಂಡತಿಯನ್ನು ಒಮ್ಮೆಲೇ ಮರೆಯಲಿಲ್ಲ. ಮೊದಲು ಕೀಲಿಕೈ ಇಟ್ಟ ಜಾಗ ಮರೆತರು. ಆಮೇಲೆ ಕಕ್ಷಿದಾರರ ಹೆಸರು, ಆಮೇಲೆ ಕೋರ್ಟಿನಿಂದ ಮನೆಗೆ ಬರುವ ದಾರಿ. ಇದು ಮರೆವಿನ ಕಾಯಿಲೆ, ಹೆಚ್ಚುತ್ತಲೇ ಹೋಗುತ್ತದೆ ಎಂದು ಬೆಳಗಾವಿಯ ಡಾಕ್ಟರು ಹೇಳಿದ್ದರು. ಕೊನೆಗೊಂದು ಮಧ್ಯಾಹ್ನ ಹೆಂಡತಿ ತ್ರಿಶಲಾ ಊಟದ ತಾಟು ತಂದು ಮುಂದಿಟ್ಟಾಗ ಅವರು ಕೈಮುಗಿದು, “ಗುರುತು ಸಿಗಲಿಲ್ಲರಿ, ನೀವು ಯಾರ್ರಿ?” ಎಂದು ಕೇಳಿದರು. ಆಕೆ ಅಡುಗೆಮನೆಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಆ ಸಪ್ಪಳದಲ್ಲಿ ಅತ್ತಳು.

ಅವರನ್ನು ನೋಡಲು ತಪ್ಪದೆ ಬರುತ್ತಿದ್ದವರು ನಿಪ್ಪಾಣಿಯ ಮೀರಾಸಾಬರು ಒಬ್ಬರೇ. ತಂಬಾಕಿನ ವ್ಯಾಪಾರ ಅವರದು. ಆಬಾಸಾಹೇಬರಿಗೂ ಅವರಿಗೂ ಗೆಳೆತನ ಬೆಳೆದದ್ದು ಬೆಳಗಾವಿಯ ಫ್ರೀಮೇಸನ್ ಲಾಡ್ಜಿನಲ್ಲಿ; ಒಬ್ಬರನ್ನೊಬ್ಬರು ಬ್ರದರ್ ಎಂದು ಕರೆಯುತ್ತ, ತಮ್ಮ ಗುರುತುಗಳನ್ನು ಹೊರಗಿನವರಿಗೆ ತೋರಿಸದ ಹಳೆಯ ಸಂಘ ಅದು. ತಿಂಗಳಿಗೊಮ್ಮೆ ಇಬ್ಬರೂ ಕರಿ ಕೋಟು ತೊಟ್ಟು, ಚಪ್ಪಟೆಯಾದ ಒಂದು ಕರಿ ಪೆಟ್ಟಿಗೆ ಹಿಡಿದು, ಒಂದೇ ಕಾರಿನಲ್ಲಿ ಹೋಗಿಬರುತ್ತಿದ್ದರು. ಲಾಡ್ಜು ಎಂದರೆ ರೂಮು ಬಾಡಿಗೆಗೆ ಕೊಡುವ ಜಾಗವೆಂದಷ್ಟೇ ಗೊತ್ತಿದ್ದ ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಪೆಟ್ಟಿಗೆಯಲ್ಲಿ ಬಿಳಿ ಕೈಗವಸು ಮತ್ತು ಮೂಲೆಮಟ್ಟ, ಕೈವಾರಗಳ ಚಿತ್ರವಿದ್ದ ಒಂದು ಏಪ್ರನ್ ಇರುವುದನ್ನು ತ್ರಿಶಲಾ ನೋಡಿದ್ದಳು. ಅಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರೆ ಗಂಡ, “ಮನಷ್ಯಾ ನೆಟ್ಟಗ ನಿಲ್ಲೂದು ಕಲೀತೇವಿ” ಎಂದು ಮಾತು ಮುಗಿಸುತ್ತಿದ್ದರು.

ಮಗಳು ನೀಲಮ ಶಾಲೆಗೆ ಹೋಗುವ ವಯಸ್ಸಿನಲ್ಲೇ ಮೆದುಳು ಜ್ವರದಿಂದ ತೀರಿಕೊಂಡಾಗಲೂ ಆಬಾಸಾಹೇಬರು ಅಳಲಿಲ್ಲ. ಆ ತಿಂಗಳೂ ಕರಿ ಕೋಟು ತೊಟ್ಟು ಬೆಳಗಾವಿಗೆ ಹೋದರು. ಅದನ್ನು ಮಾತ್ರ ತ್ರಿಶಲಾ ಕ್ಷಮಿಸಿರಲಿಲ್ಲ. ಬಾಯಿಬಿಟ್ಟು ಹೇಳಲೂ ಇಲ್ಲ. ಒಂದೇ ಸೂರಿನಡಿ ಆ ಮಾತನ್ನು ಎದೆಯಲ್ಲಿಟ್ಟುಕೊಂಡು ಮುದುಕಿಯಾದಳು.

ಹೆಂಡತಿಯ ಗುರುತು ಹೋದ ಮೇಲೆ ಒಂದು ದಿನ ಮೀರಾಸಾಬರು ಬಂದರು. ಆಬಾಸಾಹೇಬರು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಹೆಸರು ಹಿಡಿದು ಕರೆದರೂ ತಿರುಗಲಿಲ್ಲ. ಮೀರಾಸಾಬರು ಹತ್ತಿರ ಕುಳಿತು ಅವರ ಬಲಗೈಯನ್ನು ತಮ್ಮ ಕೈಗೆ ತೆಗೆದುಕೊಂಡರು. ಬೆರಳುಗಳು ಏನು ಮಾಡಿದವೋ ತ್ರಿಶಲಾಗೆ ಕಾಣಲಿಲ್ಲ. ಆಬಾಸಾಹೇಬರ ಬೆನ್ನು ನೆಟ್ಟಗಾಯಿತು. ಕಣ್ಣಿಗೆ ಬೆಳಕು ಬಂತು.

“ಬರ್ರಿ ಬ್ರದರ್, ಬರ್ರಿ! ಅರಾಮ ಅದೀರಿಲ್ಲ?” ಎಂದರು.

ಮೀರಾಸಾಬರು ಹೊರಡುವಾಗ ತ್ರಿಶಲಾ ಬಾಗಿಲಿಗೆ ಅಡ್ಡ ನಿಂತಳು. “ಭಾವುಜಿ, ಅವರ ಕೈ ಹೆಂಗ ಹಿಡದ್ರಿ? ನನಗೂ ತೋರಸ್ರಿ.”

ಮೀರಾಸಾಬರ ಮುಖ ಬಿಳಚಿಕೊಂಡಿತು. “ಅದೊಂದ ಕೇಳಬ್ಯಾಡ್ರಿ ವೈನಿ. ಕುರಾನಿನ ಮ್ಯಾಲೆ ಕೈ ಇಟ್ಟು ಆಣಿ ಮಾಡೇನಿ. ನಮ್ಮವರ ಹೊರತು ಯಾರಿಗೂ ತೋರಸಂಗಿಲ್ಲ.”

“ನನ್ನ ಗಂಡ ನನ್ನ ಗುರುತು ಹಿಡೀವಲ್ರು. ನಿಮ್ಮ ಗುರುತು ಹಿಡೀತಾರ. ಅಣ್ಣ ತಮ್ಮ ಅಂತ ಕರಕೋತೀರಿ. ಅಣ್ಣನ ಹೇಣ್ತಿ ನಿಮಗ ಯಾರೂ ಅಲ್ಲೇನು?”

“ಗುಟ್ಟು ದೊಡ್ಡದೇನಲ್ರಿ ವೈನಿ. ಕೊಟ್ಟ ಮಾತು ಉಳಸಿಕೊಳ್ಳಾಕ ಬರ್ತೈತೋ ಇಲ್ಲೋ ನೋಡಾಕ ಅದನ್ನ ನಮ್ಮ ಕೈಯಾಗ ಇಟ್ಟಾರ. ಇಷ್ಟ ಸಣ್ಣ ಮಾತು ಉಳಸದವ ಮುಂದ ಏನ ಉಳಸ್ಯಾನು?” ಎಂದು ಹೇಳಿ, ಚಪ್ಪಲಿ ಮೆಟ್ಟಿ, ತಲೆ ಎತ್ತದೆ ಹೋದರು.

ಕೆಲವು ವಾರ ಅವರು ಬರಲಿಲ್ಲ. ಆಬಾಸಾಹೇಬರು ಊಟ ಕಡಿಮೆ ಮಾಡಿದರು. ತ್ರಿಶಲಾ ತಲೆ ಬಾಚಲು ಹೋದರೆ ಪರಕೀಯ ಹೆಂಗಸೊಬ್ಬಳು ಮುಟ್ಟಿದಳೆಂದು ನಾಚಿ ಹಿಂದೆ ಸರಿಯುತ್ತಿದ್ದರು. ಆಕೆ ಬಾಚಣಿಗೆ ಕೈಯಲ್ಲಿ ಹಿಡಿದು ಹಾಗೆಯೇ ನಿಂತಿರುತ್ತಿದ್ದಳು.

ಆಮೇಲೊಂದು ಮುಂಜಾನೆ ಮೀರಾಸಾಬರು ಬಂದರು. ಚಹಾ ಬೇಡವೆಂದರು. ಪಡಸಾಲೆಯಲ್ಲಿ ನಿಂತೇ ಮಾತಾಡಿದರು. “ಕಷ್ಟದಾಗಿರೋ ಬ್ರದರ್‌ಗೆ, ಅವನ ಮನಿಯವರಿಗೆ ಆಸರ ಆಗಬೇಕಂತನೂ ಅದ ಆಣಿಯೊಳಗ ಐತ್ರಿ. ಎರಡೂ ಕೂಡೇ ಉಳಸಾಕ ಆಗವಲ್ದು. ನಿದ್ದಿ ಇಲ್ಲ ನನಗ. ಕೈ ಕೊಡ್ರಿ ವೈನಿ.”

ಅವರು ಆಕೆಯ ಬಲಗೈ ಹಿಡಿದು ತೋರಿಸಿದರು. ಅದೇನು ದೊಡ್ಡ ವಿದ್ಯೆಯಲ್ಲ, ಎಳೆ ಮಗುವೂ ಕಲಿಯಬಹುದಾದದ್ದು. ಇಷ್ಟಕ್ಕಾಗಿಯೇ ಎಂದು ಆಕೆಗೆ ಅನಿಸಿತು. ಮೀರಾಸಾಬರ ಕಣ್ಣು ನೋಡಿ ಆ ಮಾತನ್ನು ನುಂಗಿದಳು.

ಒಳಗೆ ಹೋಗಿ ಗಂಡನ ಎದುರು ಕುಳಿತು ಬಲಗೈ ಹಿಡಿದಳು.

ಆಬಾಸಾಹೇಬರು ತಿರುಗಿದರು. ಎಷ್ಟೋ ದಿನಗಳ ಮೇಲೆ ಆಕೆಯ ಮುಖವನ್ನು ನೇರವಾಗಿ ನೋಡಿದರು. “ಬರ್ರಿ ಬ್ರದರ್. ಯಾವೂರಿಂದ ಬಂದ್ರಿ?”

ಏನು ಹೇಳಬೇಕೆಂದು ತಿಳಿಯದೆ ಆಕೆ ತನ್ನ ತವರಿನ ಹೆಸರು ಹೇಳಿದಳು. “ಅಥಣಿಯಿಂದ.”

“ಅಥಣಿ! ನಮ್ಮ ಮಾವನ ಊರಲ್ರಿ ಅದು. ನನ್ನ ಹೇಣ್ತಿ ಅಲ್ಲಿಯಾಕಿ. ಬಾಳ ಚಲೋ ಹೆಣ್ಮಗಳು. ನನ್ನ ಮ್ಯಾಲೆ ಸಿಟ್ಟಾಗ್ಯಾಳ.”

“ಯಾಕ ಸಿಟ್ಟು?”

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ನಮ್ಮ ನೀಲಮ ಹೋದ್ಲಲ್ಲ, ನಾ ಅಳಲಿಲ್ಲ. ನಾನೂ ಅತ್ರ ತ್ರಿಶಲಾ ಉಳೀತಿದ್ದಿಲ್ಲರಿ. ನೆಲಾ ಹಿಡದಿದ್ಲು ಆಕಿ. ಯಾರರೆ ಒಬ್ಬರು ನಿಲ್ಲಬೇಕಿತ್ತು. ಲಾಡ್ಜಿನ್ಯಾಗ ಸಾವಿನ ಪಾಠ ಇರ್ತೈತಲ್ಲ, ನಿಮಗ ಗೊತ್ತೈತಿ, ದೀಪಾ ಆರಸ್ತಾರ. ಆ ಕತ್ತಲದಾಗ ಅತ್ತೆ ನೋಡ್ರಿ. ದನಾ ಒದರಿದಂಗ ಅತ್ತೆ. ಯಾವ ಜಾತಿ, ಯಾವ ಊರು, ಗಂಡಸಾಗಿ ಯಾಕ ಅಳ್ತಿ, ಯಾರೂ ಕೇಳಲಿಲ್ಲ. ಬಾಜೂಕ ನಿಪ್ಪಾಣಿ ಮೀರಾಸಾಬ ನಿಂತಿದ್ದ. ಹೆಗಲ ಮ್ಯಾಲ ಕೈ ಇಟ್ಟ, ಅಷ್ಟ. ತಿಂಗಳಾ ತಿಂಗಳಾ ಅದರ ಸಲುವಾಗಿ ಹೋಗತಿದ್ದೆ. ಅಲ್ಲಿ ಅತ್ತು, ಮನ್ಯಾಗ ನಿಲ್ಲತಿದ್ದೆ.”

ತ್ರಿಶಲಾ ಹಿಡಿದ ಕೈ ಬಿಡಲಿಲ್ಲ. “ಹೇಣ್ತಿಗೆ ಹೇಳಬೇಕಿತ್ತಿಲ್ರಿ?”

“ಹೇಳಬೇಕು. ಇವತ್ತ ಮನಿಗೆ ಹೋದಮ್ಯಾಲೆ ಹೇಳ್ತೇನಿ. ಆಕಿ ಕಾಯಾಕತ್ತಿರ್ತಾಳ.”

“ರೀ, ನಾನ ರೀ. ನಾನ ತ್ರಿಶಲಾ.”

ಆಬಾಸಾಹೇಬರು ಕೈ ಕಿತ್ತುಕೊಂಡರು. ಆಕೆಯ ಸೀರೆ, ಬಳೆ, ಮುಖ ಎಲ್ಲವನ್ನೂ ಒಂದೊಂದಾಗಿ ನೋಡಿದರು. ಹುಬ್ಬು ಗಂಟಿಕ್ಕಿತು. “ನಿಮಗ ಈ ಗುರುತು ಯಾರು ಕಲಿಸಿದ್ರು? ಆಣಿ ಮುರದಾರ ಯಾರೋ,” ಎಂದರು. ಹೊರಗೆ ಪಡಸಾಲೆಯಲ್ಲಿದ್ದ ಮೀರಾಸಾಬರಿಗೂ ಅದು ಕೇಳಿಸಿತು. ಆಕೆ ಹೊರಗೆ ಬರುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು.

ಮರುದಿನ ಆಬಾಸಾಹೇಬರು ಅದೆಲ್ಲವನ್ನೂ ಮರೆತಿದ್ದರು. ತ್ರಿಶಲಾ ಮತ್ತೆ ಕೈ ಹಿಡಿದಳು, ಮತ್ತೆ ಅಥಣಿಯ ಬ್ರದರ್ ಆದಳು. ನಾನು ನಿಮ್ಮ ಹೆಂಡತಿ ಎಂದು ಮಾತ್ರ ಇನ್ನೆಂದೂ ಹೇಳಲಿಲ್ಲ. ಆ ಪರವೂರಿನ ಗೆಳೆಯನ ಕೈಯಿಂದ ಅವರು ತುತ್ತು ತಿಂದರು, ತಲೆ ಬಾಚಿಸಿಕೊಂಡರು. ಮನೆಗೆ ಹೋಗಿ ಹೆಂಡತಿಗೆ ಹೇಳಬೇಕಾದದ್ದನ್ನು ಎಷ್ಟೋ ಸಲ ಹೇಳಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಕೈಯ ಗುರುತೂ ಅವರಿಗೆ ತಿಳಿಯದಾಯಿತು. ಹಿಡಿದರೆ ಹಿಡಿದಂತೆ ಸುಮ್ಮನಿರುತ್ತಿತ್ತು ಆ ಕೈ. ದೀಪಾವಳಿಗೆ ಮುಂಚೆ ತೀರಿಕೊಂಡರು.

ಬೆಳಗಾವಿಯಿಂದ ಕರಿ ಕೋಟಿನವರು ಬಂದು ಅಂಗಳದಲ್ಲಿ ಚಟ್ಟದ ಪಕ್ಕ ಸಾಲಾಗಿ ನಿಂತರು. ಮೀರಾಸಾಬರು ಸಾದಾ ಬಿಳಿ ಅಂಗಿ, ಟೊಪ್ಪಿಗೆ ತೊಟ್ಟು ಗೇಟಿನ ಹೊರಗೇ ಇದ್ದರು.

“ಅವರ್ಯಾಕ ನಿಮ್ಮ ಸಾಲಿನ್ಯಾಗ ಇಲ್ಲ?” ಎಂದು ತ್ರಿಶಲಾ ಕರಿ ಕೋಟಿನ ಹಿರಿಯರೊಬ್ಬರನ್ನು ಕೇಳಿದಳು.

ಅವರು ನೆಲ ನೋಡಿದರು. “ತಾವ ಬಂದು, ಆಣಿ ಮುರದೇನಿ ಅಂತ ಎಲ್ಲಾರ ಮುಂದ ಹೇಳಿದ್ರಿ ಅಕ್ಕಾರ. ಯಾರ ಸಲುವಾಗಿ ಅಂತ ಹೇಳಲಿಲ್ಲ. ಇರ್ರಿ ಅಂತ ಕೈಕಾಲ ಬಿದ್ವಿ. ಏಪ್ರನ್ ಮಡಚಿಟ್ಟು ಹೋದ್ರು.”

ತ್ರಿಶಲಾ ಜನರನ್ನು ದಾಟಿ ಗೇಟಿಗೆ ಹೋದಳು. “ಭಾವುಜಿ, ಒಳಗ ಬರ್ರಿ. ಮುಂದಿನ ಹೆಗಲು ನೀವ ಕೊಡ್ರಿ.”

“ಬ್ಯಾಡ್ರಿ ವೈನಿ. ಆಬಾ ಇದ್ದಿದ್ರ ನನಗ ಹೆಗಲ ಕೊಡಾಕ ಬಿಡತಿದ್ದಿಲ್ಲ.”

“ಬಿಡತಿದ್ರೋ ಇಲ್ಲೋ, ನನಗ ಗೊತ್ತಿಲ್ಲ. ನಾ ಕರ್ಯಾಕತ್ತೇನಿ, ಬರ್ರಿ.”

ಮೀರಾಸಾಬರು ಚಪ್ಪಲಿ ಬಿಟ್ಟು ಒಳಗೆ ಬಂದರು. ಕರಿ ಕೋಟಿನವರು ಸರಿದು ದಾರಿ ಕೊಟ್ಟರು. ಚಟ್ಟ ಎದ್ದಾಗ ಮುಂದಿನ ಹೆಗಲು ಕೊಟ್ಟ ಮೀರಾಸಾಬರು ಹುಡುಗನ ಹಾಗೆ ಬಿಕ್ಕಿ ಅಳುತ್ತಿದ್ದರು. ಹೆಂಗಸರು ಬಾಗಿಲಲ್ಲೇ ಉಳಿದರು. ಓಣಿಯ ತಿರುವಿನಲ್ಲಿ ಆ ಬಿಳಿ ಟೊಪ್ಪಿಗೆ ಮರೆಯಾಗುವವರೆಗೂ ತ್ರಿಶಲಾ ಕಂಬ ಹಿಡಿದು ನೋಡುತ್ತ ನಿಂತಿದ್ದಳು.