ನಿಧಾನವಾಗಿ ಓದಿ, ಟೀಚರ್

ಸಾಂತಾರೆಂ ಎಂಬ ನದಿತೀರದ ಊರಿನ ಹಳೆಯ ಶಾಲೆಯೊಂದರಲ್ಲಿ, ಕಾಲೇಜು ಪ್ರವೇಶ ಪರೀಕ್ಷೆಗೆ ಬರುವ ಕಣ್ಣಿಲ್ಲದ ಮಕ್ಕಳಿಗೆ ಪ್ರಶ್ನೆ ಓದಿ ಹೇಳುವುದು, ಅವರ ಉತ್ತರ ಬರೆದುಕೊಳ್ಳುವುದು ನನ್ನ ಕೆಲಸ. ಆ ನವೆಂಬರಿನ ಭಾನುವಾರ ನನ್ನ ಪಾಲಿಗೆ ಬಂದವಳು ಜಾಸಿರಾ. ಹತ್ತೊಂಬತ್ತರ ಹುಡುಗಿ. ತಪಾಜೋಸ್ ನದಿಯ ಮೇಲ್ದಂಡೆಯ ಹಳ್ಳಿಯಿಂದ ಹನ್ನೊಂದು ತಾಸು ದೋಣಿಯಲ್ಲಿ ಬಂದಿದ್ದಳು.

“ಹೋದ ವರ್ಷ ಓದೋರನ್ನ ಕೊಡ್ಲಿಲ್ಲ ಟೀಚರ್. ಡಾಕ್ಟರ ಕಾಗದ ಹಳೇದಾಯ್ತಂತೆ. ಹುಟ್ಟುಕುರುಡಿ ನಾನು, ನಡುವೆ ಕಣ್ಣು ಬಂತು ಅಂದ್ಕೊಂಡ್ರೋ ಏನೋ!” ಎಂದು ನಕ್ಕಳು. ಹೊಸ ಕಾಗದಕ್ಕಾಗಿ ಅವಳಮ್ಮ ನಾಲ್ಕು ಸಲ ಪೇಟೆಗೆ ಅಲೆದಿದ್ದಳಂತೆ.

ನಮಗೆ ಸಿಕ್ಕಿದ್ದು ಮೂಲೆಯ ಏಳನೇ ಕೋಣೆ. ಒಳಗೆ ನಾವಿಬ್ಬರೇ, ಮೇಲ್ವಿಚಾರಕಿ ಬಾಗಿಲಾಚೆ ಕುರ್ಚಿ ಹಾಕಿಕೊಂಡಿದ್ದಳು. ಮಧ್ಯಾಹ್ನ ಒಂದೂವರೆಗೆ ಶುರುಮಾಡಿದೆ. ಮೂರನೇ ಪ್ರಶ್ನೆಗೆ ಹಿಂದಿನಿಂದ ಟಕ್, ಟಕ್ ಟಕ್ ಎಂದಿತು. ಹಲ್ಲಿಯಿರಬೇಕು ಎಂದುಕೊಂಡೆ.

“ಹಿಂದೆ ಯಾರು ಕೂತಿದಾರೆ?” ಜಾಸಿರಾ ಕೇಳಿದಳು.

“ಯಾರೂ ಇಲ್ಲಮ್ಮ. ಖಾಲಿ ಬೆಂಚು.”

“ಬ್ರೈಲ್ ಚುಚ್ಚೋ ಸದ್ದು ಟೀಚರ್ ಅದು. ದಪ್ಪ ಕಾಗದದ ಮೇಲೆ ಮೊಳೆ ಒತ್ತೋ ಸದ್ದು. ನಂಗೆ ಗೊತ್ತಾಗಲ್ವಾ?”

ಓದಿದರೆ ಸದ್ದು, ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಅವಸರದಲ್ಲಿ ಓದಿದಾಗ ಬೆಂಚನ್ನು ಎರಡು ಸಲ ಕುಟ್ಟಿದಂತಾಯಿತು.

ಆಗಲೇ ಶಾಲೆಯ ಮುದುಕ ಜವಾನ ಒಡಿಲೊ ನೀರು ತಂದ. ಹೊಸ್ತಿಲು ದಾಟಲಿಲ್ಲ, ಹೂಜಿಯನ್ನು ಅಲ್ಲೇ ಇಟ್ಟ. ನಾನು ಹತ್ತಿರ ಹೋದೆ.

“ಈ ಕೋಣೆ ಕೊಡ್ಬೇಡಿ ಅಂತ ಬಡ್ಕೊಂಡೆ ಮೇಡಂ,” ಎಂದು ಪಿಸುಗುಟ್ಟಿದ. “ವಾಲ್ಡೆನಿರ್ ಅಂತ ಕುರುಡು ಹುಡುಗ. ಒಂಬತ್ತು ವರ್ಷ ಆಯ್ತು. ಓದೋರು ಬೇಕು ಅಂತ ಅರ್ಜಿ ಹಾಕಿದ್ದ, ಆಗಲ್ಲ ಅಂದ್ರು. ಅಚ್ಚಿನ ಪ್ರಶ್ನೆಪತ್ರಿಕೆ ಮುಂದಿಟ್ಟು ಇಲ್ಲೇ ಕೂರಿಸಿದ್ರು. ಐದೂವರೆ ತಾಸು ಆ ನುಣುಪು ಕಾಗದ ಸವರ್ತಾ ಕೂತಿದ್ದ. ವಾಪಸ್ ಹೋಗೋ ದೋಣೀಲಿ ಬೆಳಿಗ್ಗೆ ನೋಡಿದ್ರೆ ಅವನು ಮಲಗಿದ್ದ ಜೋಲಿ ಮಾತ್ರ ಇತ್ತು, ಹುಡುಗ ನದಿ ಪಾಲಾಗಿದ್ದ.”

ಜಾಸಿರಾ ಹತ್ತಿರ ಹಿಂತಿರುಗಿದೆ. “ಬೇರೆ ಕೋಣೆ ಕೇಳ್ತೀನಿ ಮಗು.”

“ಬೇಡ. ಎದ್ದುಹೋದ್ರೆ ಪರೀಕ್ಷೆ ರದ್ದು ಅಂದ್ಬಿಡ್ತಾರೆ. ಎರಡು ವರ್ಷ ಕಾದಿದೀನಿ.” ಒಡಿಲೊನ ಮಾತು ಅವಳಿಗೂ ಕೇಳಿಸಿತ್ತು. ಹಿಂದಕ್ಕೆ ಮುಖ ತಿರುಗಿಸಿದಳು. “ಅಣ್ಣಾ, ಕುಟ್ಬೇಡ. ನಿಂಗೂ ಕೇಳೋ ಹಾಗೆ ಓದ್ತಾರೆ.” ಆಮೇಲೆ ನನಗೆ, “ನಿಧಾನವಾಗಿ ಓದಿ, ಟೀಚರ್.”

ಒಂದೊಂದೇ ಪದ ಬಿಡಿಸಿ, ಕೊನೆಯ ಬೆಂಚಿಗೆ ಮುಟ್ಟುವಂತೆ ಓದಿದೆ. ಕುಟ್ಟುವುದು ನಿಂತಿತು. ಚುಚ್ಚುವ ಸದ್ದು ಮಾತ್ರ ನಮ್ಮ ಜೊತೆಜೊತೆಗೇ ನಡೆಯಿತು. ಜಾಸಿರಾಗೆ ಕೊಟ್ಟಿದ್ದ ಒಂದು ತಾಸು ಹೆಚ್ಚಿನ ಸಮಯವೂ ಪೂರ್ತಿ ಹಿಡಿಯಿತು.

ಗಂಟೆ ಹೊಡೆಯಿತು. ಹಿಂದೆ ಚುಚ್ಚುವ ಸದ್ದು ಇನ್ನೂ ನಡೆಯುತ್ತಲೇ ಇತ್ತು. ಸಮಯ ಮುಗಿಯಿತು ಎಂದು ಹೇಳಲು ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ, ಕಾದೆವು. ಕೊನೆಗೆ ಬೆಂಚು ಸರಿಯಿತು. ಗೋಡೆ ಸವರುತ್ತಾ ಒಂದು ಅಂಗೈ ನಮ್ಮನ್ನು ದಾಟಿ ಬಾಗಿಲಾಚೆ ಹೋದದ್ದು ಕೇಳಿಸಿತು. ಮೇಲ್ವಿಚಾರಕಿ ತನ್ನ ಬರಿಯ ಭುಜ ಉಜ್ಜಿಕೊಂಡಳು, ಚಳಿಯಾದವಳಂತೆ.

ಜನವರಿಯಲ್ಲಿ ಜಾಸಿರಾ ಫೋನ್ ಮಾಡಿದಳು. ಕಾನೂನು ಓದಲು ಸೀಟು ಸಿಕ್ಕಿತ್ತು. ನಾನು ಅತ್ತೇಬಿಟ್ಟೆ. ಅವಳು ಕೇಳಿದಳು: “ವಾಲ್ಡೆನಿರ್ ಅಣ್ಣನ ಊರು ಯಾವ್ದು ಅಂತ ಒಡಿಲೊ ತಾತನ್ನ ಕೇಳ್ತೀರಾ? ಬರೆದು ಮುಗಿಸಿದ ಅಂತ ಅವರಮ್ಮನಿಗೆ ಹೇಳ್ಬೇಕು.”

ಕೇಳಿದೆ. ಮುಂದಿನ ತಿಂಗಳು ಇಬ್ಬರೂ ದೋಣಿ ಹತ್ತಿದೆವು.