ಲಿಖಿತಾಳ ಮೈಮೇಲೆ ಬಂದದ್ದು

ಸೋಸಲೆಯಲ್ಲಿ ಸಿಂಧುವನ್ನು ಎಲ್ಲರೂ ಮಾಟಗಾತಿ ಅನ್ನುತ್ತಿದ್ದರು. ಅಂದರೆ ಅನ್ನಲಿ ಬಿಡಿ, ಅವಳೇ ನಗುನಗುತ್ತಾ ಹೌದು ಅಂತ ಒಪ್ಪಿಕೊಂಡುಬಿಟ್ಟಿದ್ದಳಲ್ಲ! ಗಂಡನನ್ನು ಬಿಟ್ಟು ಬಂದು ನರಸೀಪುರದ ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕೆ ನಿಂತವಳು. ಫೋನಿನಲ್ಲಿ ಎಲ್ಲೆಲ್ಲಿಯದೋ ಹೆಂಗಸರ ಗುಂಪು ಸೇರಿದ್ದಳು. ಅವರೂ ತಮ್ಮನ್ನು ಮಾಟಗಾತಿಯರು ಅಂತಲೇ ಕರೆದುಕೊಳ್ಳುವವರು, ದೇವಿಯನ್ನು ನಂಬಿದವರು. ಹುಣ್ಣಿಮೆ ಬಂತೆಂದರೆ ಸಂಜೆ ಸಿಂಧು ಕಾವೇರಿ ದಡದಲ್ಲಿ ದೀಪ ಹಚ್ಚಿ, ಬಂದ ಹೆಂಗಸರನ್ನೆಲ್ಲ ಸುತ್ತ ಕೂರಿಸುತ್ತಿದ್ದಳು. ಬೇವಿನ ಸೊಪ್ಪು ಕೈಯಿಂದ ಕೈಗೆ ಹೋಗುತ್ತಿತ್ತು. ಸೊಪ್ಪು ಹಿಡಿದವಳು ಮನಸ್ಸಿನಲ್ಲಿದ್ದದ್ದನ್ನು ಹೇಳಬೇಕು, ಉಳಿದವರು ತುಟಿ ಪಿಟಕ್ಕನ್ನದೆ ಕೇಳಬೇಕು. ಇಷ್ಟೇ ಮಾಟ. ಇಷ್ಟಕ್ಕೇ ನಮ್ಮ ಗಂಡಸರು ಆ ದಾರಿಯಲ್ಲಿ ಒಂದು ನಿಂಬೆಹಣ್ಣು ಬಿದ್ದಿದ್ದರೂ ಬೈಕು ತಿರುಗಿಸಿಕೊಂಡು ಹೋಗುತ್ತಿದ್ದರು.

ಲಿಖಿತಾಳ ಕೈಗೂ ಆ ಸೊಪ್ಪು ಬರುತ್ತಿತ್ತು. ಪ್ರತಿ ಸಲವೂ ಪಕ್ಕದವರಿಗೆ ದಾಟಿಸಿಬಿಡುತ್ತಿದ್ದಳು. ತಾಯಿಯಿಲ್ಲದ ಹುಡುಗಿ, ಅಜ್ಜಿ ಪುಟ್ಟಬಸಮ್ಮನ ಕೈಯಲ್ಲಿ ಬೆಳೆದವಳು. ನಂಜನಗೂಡಿನಲ್ಲಿ ನರ್ಸಿಂಗ್ ಓದುತ್ತಿದ್ದಳು, ಇನ್ನೊಂದು ವರ್ಷ ಬಾಕಿ. ಅಪ್ಪ ರವಿಚಂದ್ರ ಹಾಲಿನ ಡೈರಿಯ ಸೆಕ್ರೆಟರಿ. ಕೆಟ್ಟವನೇನಲ್ಲ ಪಾಪ, ಆದರೆ ಅವನೆದುರು ಮಗಳಿಗೆ ಬಾಯೇ ಬರುತ್ತಿರಲಿಲ್ಲ. ಅವನೂ ಕೇಳುವ ಗೋಜಿಗೆ ಹೋಗದೆ ತಗಡೂರಿನ ಹೇಮಂತನಿಗೆ ಕೊಡುತ್ತೇನೆಂದು ಮಾತು ಕೊಟ್ಟು ಬಂದಿದ್ದ. ಹುಡುಗ ಒಳ್ಳೆಯವನೇ. ಆದರೆ ಮದುವೆಯಾದ ಮೇಲೆ ಕಾಲೇಜು ಗೀಲೇಜು ಬೇಡ ಅಂತ ಅವರ ಮನೆಯವರು ಮೊದಲೇ ಹೇಳಿದ್ದರು.

ಇನ್ನು ಉಳಿದದ್ದು ಮಾರಮ್ಮನ ಅಪ್ಪಣೆ ಮಾತ್ರ. ಶುಕ್ರವಾರ ಪೂಜಾರಿ ತಾಯಿಯ ಮೈಗೆ ಒದ್ದೆ ಹೂ ಅಂಟಿಸುತ್ತಾನೆ. ಬಲಗಡೆಯದು ಬಿದ್ದರೆ ತಾಯಿ ಒಪ್ಪಿದಳು ಅಂತ ಲೆಕ್ಕ, ಆಮೇಲೆ ಆ ಮಾತನ್ನು ಯಾರೂ ಮುರಿಯುವ ಹಾಗಿಲ್ಲ.

ಆ ವಾರದ ಹುಣ್ಣಿಮೆಯಲ್ಲಿ ಸೊಪ್ಪು ಹಿಡಿದ ಲಿಖಿತಾ ಗೊಳೋ ಅಂತ ಅತ್ತಳು. ಓದು ಮುಗಿಸಬೇಕು ಅಂತ ಅಳುವಿನ ನಡುವೆಯೇ ಹೇಳಿದಳು. ಮೊಮ್ಮಗಳಿಗೆ ಜೊತೆಯಾಗಿ ಬರುತ್ತಿದ್ದ ಪುಟ್ಟಬಸಮ್ಮ ಅಲ್ಲೇ ಉಪಾಯ ತೆಗೆದಳು. ಹೂ ಕೇಳುವಾಗ ತಲೆ ಕೆದರಿಕೊಂಡು ಕೂಗು, ಬೇವಿನ ಸೊಪ್ಪು ನಾನು ಕೊಡುತ್ತೇನೆ, ತಾಯಿ ಮೈಮೇಲೆ ಬಂದಳೆಂದು ನಿಮ್ಮಪ್ಪನೇ ಕಾಲಿಗೆ ಬೀಳುತ್ತಾನೆ ಅಂದಳು. ತಾನೂ ಹರೆಯದಲ್ಲಿ ಅತ್ತೆಯನ್ನು ಹಾಗೇ ಕಾಲಿಗೆ ಬೀಳಿಸಿಕೊಂಡಿದ್ದಳಂತೆ. ಎಂಥ ಮುದುಕಿ ನೋಡಿ! ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಿಂಧು ಮಾತ್ರ ನಗಲಿಲ್ಲ.

"ಮಾಡು, ಬ್ಯಾಡ ಅನ್ನಕಿಲ್ಲ," ಅಂದಳು. "ಆದ್ರೆ ಅವ್ರು ಕೇಳೋದು ತಾಯಿ ಮಾತ್ನ. ನಿನ್ ಮಾತ್ನ ಯಾವತ್ತು ಕೇಳೋದು?"

ಶುಕ್ರವಾರ ಬೆಳಿಗ್ಗೆ ಗುಡಿಯ ಮುಂದೆ ಎರಡೂ ಮನೆಯವರು ಸೇರಿದರು. ಪೂಜಾರಿ ಹೂ ಅಂಟಿಸಿದ. ಬಲಗಡೆಯ ಕಣಗಿಲೆ ಆಗಲೇ ಜಾರತೊಡಗಿತ್ತು. ಪುಟ್ಟಬಸಮ್ಮ ಸೆರಗಿನಡಿಯಿಂದ ಸೊಪ್ಪು ತೆಗೆದು ಮೊಮ್ಮಗಳ ಕೈಗೆ ತುರುಕಿದಳು. ಲಿಖಿತಾ ಅದನ್ನು ಬಿಗಿಯಾಗಿ ಹಿಡಿದುಕೊಂಡಳು. ತಲೆ ಕೆದರಿಕೊಳ್ಳಲಿಲ್ಲ, ಕುಣಿಯಲೂ ಇಲ್ಲ. ಬಾಯಿ ಬಿಟ್ಟು ಒಂದೇ ಮಾತು ಅಂದಳು.

"ನಿಲ್ಸಿ."

ಆ ದನಿ ಗುಡಿಯ ಗಂಟೆಗೂ ತಾಕಿತೇನೋ. ಮಗಳು ಅಷ್ಟು ಜೋರಾಗಿ ಮಾತಾಡಿದ್ದನ್ನು ರವಿಚಂದ್ರ ಹುಟ್ಟಿದಾರಭ್ಯ ಕೇಳಿರಲಿಲ್ಲ. ಇನ್ನೇನು ತಿಳಿದಾನು ಪಾಪ! ಚಪ್ಪಲಿ ಬಿಟ್ಟಿದ್ದ ಜಾಗದಿಂದ ಓಡಿ ಬಂದು ಅವಳೆದುರು ಕೈಮುಗಿದು ನಿಂತ. ತಗಡೂರಿನವರೂ ಗಲ್ಲ ಗಲ್ಲ ಬಡಿದುಕೊಂಡರು.

"ತಪ್ಪಾಯ್ತು ತಾಯಿ," ಅಂದ ರವಿಚಂದ್ರ. "ಏನ್ ಅಪ್ಪಣೆನೋ ಕೊಡು. ನಡೆಸ್ಕೊಡ್ತೀನಿ."

ಮದುವೆ ಬೇಡ ಅಂತ ಒಂದು ಮಾತು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಜ್ಜಿ ಕಣ್ಣಲ್ಲೇ ಅನ್ನು, ಅನ್ನು ಅಂತ ಸನ್ನೆ ಮಾಡುತ್ತಿದ್ದಳು. ಲಿಖಿತಾ ಅಪ್ಪನ ಮುಗಿದ ಕೈಗಳನ್ನು ನೋಡಿದಳು. ಅವಳಿಗೆ ಅಯ್ಯೋ ಅನ್ನಿಸಿತು, ಕೋಪವೂ ಬಂತು. ಸೊಪ್ಪನ್ನು ಮೆಲ್ಲಗೆ ಮೆಟ್ಟಿಲ ಮೇಲಿಟ್ಟಳು.

"ನಾನು ತಾಯಿ ಅಲ್ಲ ಕಣಪ್ಪಾ, ಲಿಖಿತಾ. ನನ್ ಮೈಮೇಲೆ ಯಾರೂ ಬಂದಿಲ್ಲ, ನಾನೇ ಮಾತಾಡ್ತಾ ಇರೋದು. ಓದು ಮುಗ್ಯೋಗಂಟ ನಂಗೆ ಮದ್ವೆ ಬ್ಯಾಡ."

ಹಿಂದೆ ಹೆಂಗಸರ ಗುಂಪಿನಲ್ಲಿ ನಿಂತಿದ್ದ ಸಿಂಧು ಬಾಯಿಗೆ ಸೆರಗು ಹಿಡಿದುಕೊಂಡಿದ್ದಳು. ಹೂ ಬಲಕ್ಕೆ ಬಿತ್ತೋ ಎಡಕ್ಕೆ ಬಿತ್ತೋ, ಪೂಜಾರಿಯೂ ನೋಡಿರಲಿಲ್ಲ. ಹೇಮಂತನ ಅಪ್ಪ ಗೊಣಗಲು ಶುರುಮಾಡಿದಾಗ ಹೇಮಂತನೇ ಅವನ ತೋಳು ಹಿಡಿದು ಸುಮ್ಮನಿರಿಸಿದ.

ರವಿಚಂದ್ರನ ಮುಖ ಕೆಂಪಾಯಿತು, ಆಮೇಲೆ ಬಾಡಿತು. ಮುಗಿದ ಕೈಗಳನ್ನು ಏನು ಮಾಡಬೇಕೋ ಅವನಿಗೆ ತೋಚಲಿಲ್ಲ. ನಡೆಸಿಕೊಡುತ್ತೇನೆಂದು ಮಾರಮ್ಮನ ಎದುರಲ್ಲೇ ಅಂದಾಗಿತ್ತು. ಮಗಳನ್ನೇ ನೋಡಿದ, ಇವತ್ತೇ ಮೊದಲು ನೋಡುತ್ತಿದ್ದೇನೆ ಅನ್ನುವ ಹಾಗೆ.

"ನಿಂಗೆ ಇಷ್ಟ್ ದೊಡ್ ದನಿ ಅದೆ ಅಂತ ನಂಗೊತ್ತೇ ಇರ್ನಿಲ್ಲ ಕಣವ್ವಾ," ಅಂದ. "ಇನ್ನೂ ಏನಾದ್ರೂ ಹೇಳೋದಿದ್ರೆ ಹೇಳು."

ಇತ್ತು, ಬೇಕಾದಷ್ಟಿತ್ತು. ಲಿಖಿತಾ ಅಪ್ಪನನ್ನು ಮೆಟ್ಟಿಲ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತು ಹೇಳಲು ಶುರುಮಾಡಿದಳು. ಅವನ ಕೈ ಇನ್ನೂ ಮುಗಿದೇ ಇತ್ತು.